ಓಗ್ಬುಟ್ಟು ಬಾ

ನಾನು ಚಿನಕುರಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತೇನೆ. ಸಿಡುಕ ಅಂತ ಊರಿಗೆಲ್ಲ ಗೊತ್ತು. ನನ್ನ ಸೀಟಿಗಿಂತ ಬಾಯಿ ಜೋರು. ನನ್ನ ಟೀಮಿನಲ್ಲಿ ಒಂದು ಕಟ್ಟಳೆ ಇದೆ. ರೈಡಿಗೆ ಹೊರಟ ಹುಡುಗಿ ನಡುಗೆರೆ ದಾಟುವ ಮೊದಲು ನನ್ನ ಕಡೆ ನೋಡಿ "ಓಗ್ಬರ್ತೀನಿ ಸಾ" ಅನ್ನಬೇಕು. ನಾನು "ಬಾ" ಅನ್ನಬೇಕು. ಎದುರಿನವರನ್ನು ಮುಟ್ಟುವುದು ದೊಡ್ಡದಲ್ಲ, ಒಂದೇ ಉಸಿರಲ್ಲಿ ತಿರುಗಿ ಗೆರೆಗೆ ಬರುವುದು ದೊಡ್ಡದು ಎಂದು ಅವರ ತಲೆಯಲ್ಲಿ ಕೂರಲಿ ಅಂತ. ಬೇರೆ ಶಾಲೆಯ ಮೇಷ್ಟ್ರುಗಳು "ಏನ್ ಸಾರ್, ಗಂಡನ ಮನೆಗೆ ಕಳಿಸ್ದಂಗೆ ಕಳಿಸ್ತೀರಲ್ಲ" ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಕಟ್ಟಳೆ ನನ್ನದಲ್ಲ, ಅವ್ವನದು. ಬೆಳಿಗ್ಗೆ ನಾನು ಬೈಕಿಗೆ ಕಿಕ್ ಹೊಡೆದರೆ ಸಾಕು, ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಜಗಲಿಗೆ ಬರುತ್ತಿದ್ದಳು. ನಾನು "ಓಗ್ಬರ್ತೀನಿ ಕಣವ್ವ" ಅನ್ನಬೇಕು, ಅವಳು "ಓಗ್ಬುಟ್ಟು ಬಾ ಮಗಾ" ಅನ್ನಬೇಕು. ಆಮೇಲೆ ನಾನೊಮ್ಮೆ ತಲೆಯಾಡಿಸಿ ಗಾಡಿ ಬಿಡುತ್ತಿದ್ದೆ. ಅವಸರಕ್ಕೆ ಹಾಗೇ ಹೊರಟರೆ ಬೀದಿಗೆಲ್ಲ ಕೇಳುವಂತೆ ಕೂಗುವಳು: "ಯೋಳ್ದೆ ಓಯ್ತಿದ್ದೀಯಲ್ಲಾ, ನಾನೇನು ಸತ್ತೋಗಿದ್ದೀನೇನ್ಲಾ?" ಕೂದಲು ಬೆಳ್ಳಗಾದ ಮೇಲೂ ನಾನು ಬೈಕು ತಿರುಗಿಸಿಕೊಂಡು ಬಂದು, ಹೇಳಿ ಹೋಗಿದ್ದುಂಟು.

ಹೋದ ವರ್ಷ, ಕಬ್ಬು ಕಡಿಯುವ ಕಾಲದಲ್ಲಿ, ಅವ್ವ ತೀರಿಕೊಂಡಳು. ಮೂರನೇ ದಿನ ಬೂದಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ಮೂಡಣಕ್ಕೆ ಹರಿಯುವ ಕಾವೇರಿ ಅಲ್ಲಿ ಒಂದಿಷ್ಟು ದೂರ ಪಡುವಣಕ್ಕೆ ತಿರುಗುತ್ತಾಳೆ. ಎಷ್ಟೋ ಸಲ ನೋಡಿದ್ದ ನೀರೇ, ಆದರೆ ಅವತ್ತು ಸೊಂಟದವರೆಗೆ ಇಳಿದು ನಿಂತಾಗ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಹೊಳೆಗೂ ಒಮ್ಮೆ ಹಿಂದಕ್ಕೆ ತಿರುಗಬೇಕು ಅನ್ನಿಸುತ್ತದಲ್ಲ! ತಲೆ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಕೆರೆ ಏರಿ ಹತ್ತುತ್ತಿದ್ದ ಅವ್ವ ನನ್ನ ಕೈಯ ಕುಡಿಕೆಯೊಳಗೆ ಹಿಡಿಸಿಬಿಟ್ಟಿದ್ದಳು. ಪುರೋಹಿತರು ಹೇಳಿದಂತೆ ಕೈ ಸಡಿಲಿಸಿದೆ. ಕುಡಿಕೆ ತೇಲಿ ಮುಂದೆ ಹೋಯಿತು. ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಅಂದುಬಿಟ್ಟಿತು: "ಓಗ್ಬುಟ್ಟು ಬಾ ಕಣವ್ವ."

ಪುರೋಹಿತರು ಮಂತ್ರ ನಿಲ್ಲಿಸಿದರು. "ಏನಪ್ಪ, ಏನಂದೆ ನೀನು?"

ಮೆಟ್ಟಿಲ ಮೇಲೆ ಕೂತಿದ್ದ ದೊಡ್ಡವ್ವ, ಅವ್ವನ ಅಕ್ಕ, ಎದೆ ಬಡಿದುಕೊಂಡಳು. "ಅಯ್ಯೋ, ನಿನ್ ಬಾಯ್ಗೆ ಮಣ್ಣಾಕ! ಓಗೋರ್ನ ಬಾ ಅಂತಾರೇನ್ಲಾ?"

ನಮ್ಮ ಕಡೆ ಸಾವಿನ ಮನೆಗೆ ಬಂದವರು ಹೊರಡುವಾಗ 'ಹೋಗಿ ಬರ್ತೀನಿ' ಅನ್ನುವುದಿಲ್ಲ. ಅಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದಂತೆ. ಸುಮ್ಮನೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಬಂದವರಿಗೇ ಇಷ್ಟು ಕಟ್ಟುನಿಟ್ಟಿರುವಾಗ ಹೆತ್ತ ಮಗನೇ ಹೋದವಳನ್ನು ಬಾ ಅಂದರೆ? ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಹೆದರಿದೆ. 'ಬಾ' ಅನ್ನುವ ಮಾತೇ ನನಗೆ ಭಯವಾಯಿತು. ಇನ್ನು ಕಬಡ್ಡಿ ಅಂಗಳದಲ್ಲಿ ನಿಂತು ಅದನ್ನು ದಿನಾ ಹೇಗೆ ಅನ್ನಲಿ? ಮಾತಾಡಿಸಲು ಬಂದ ಹೆಡ್‌ಮೇಷ್ಟ್ರಿಗೆ ಹೇಳಿಬಿಟ್ಟೆ: "ಸಾರ್, ಟೀಮು ಬೇರೆಯವರಿಗೆ ಕೊಟ್ಬುಡಿ. ನನ್ ಕೈಲಾಗಲ್ಲ." ನಾಗಮಂಗಲದ ಪಂದ್ಯ ಹತ್ತಿರ ಬಂದಿತ್ತು. ಅವರು "ತಿಥಿ ಮುಗೀಲಿ, ಆಮೇಲೆ ನೋಡೋಣ" ಎಂದು ಎದ್ದು, ಅವರೂ ಹೇಳದೆ ಹೋದರು.

ಹುಡುಗಿಯರು ಒಂದು ಸಂಜೆ ಯೂನಿಫಾರಂನಲ್ಲೇ ಬಂದರು. ದೊಡ್ಡವ್ವ ಬಾಗಿಲಲ್ಲೇ ತಡೆದು ಎಚ್ಚರಿಸಿದ್ದಳು. "ಓಗುವಾಗ ಬಾಯ್ ಬುಡ್ಬ್ಯಾಡಿ ಕಣ್ರವ್ವ." ಬಾಯಿ ಮುಚ್ಚಿಸಲು ನಾನು ಸೀಟಿ ಊದಿ ಊದಿ ಸೋತಿದ್ದ ಹೆಣ್ಣುಗಳು ಚಾಪೆ ಮೇಲೆ ತಲೆ ತಗ್ಗಿಸಿ ಕೂತವು. ಎದ್ದು ಹೊರಟಾಗ ನಮ್ಮ ಮುಖ್ಯ ರೈಡರು ಹೊಸ್ತಿಲ ಈಚೆ ನಿಂತುಬಿಟ್ಟಳು. ಅಭ್ಯಾಸ. ನನ್ನ ಕಡೆ ನೋಡಿದಳು. ತುಟಿ ಬಿಚ್ಚಿದಳು, ಮುಚ್ಚಿಕೊಂಡಳು. ಹಿಂದಿನವರೂ ಅವಳ ಬೆನ್ನಿಗೆ ನಿಂತರು. ನನ್ನ ಅಪ್ಪಣೆಯಿಲ್ಲದೆ ಆ ಗೆರೆ ದಾಟಲು ಅವರಿಗೆ ಕಾಲೇ ಬರುತ್ತಿರಲಿಲ್ಲ. ಅವ್ವ ಜಗಲಿಯಲ್ಲಿ ಆಡಿದ ಮಾತು ಯಾರ್ಯಾರದೋ ಮಕ್ಕಳ ಕಾಲಿನವರೆಗೆ ಇಳಿದಿತ್ತು. ನಾನು ಗೋಡೆ ಕಡೆ ಮುಖ ತಿರುಗಿಸಿದೆ. ಅವು ಒಂದೊಂದಾಗಿ ಸದ್ದಿಲ್ಲದೆ ಹೋದವು. ಸುಡುಗಾಡಿನಲ್ಲೂ ಅಳದಿದ್ದ ನಾನು ಆಗ ಅತ್ತೆ.

ತಿಥಿಯ ದಿನ ತಾರಸಿ ಮೇಲೆ ಕಾಗೆಗೆ ಎಡೆ ಇಟ್ಟೆವು. ಮುದ್ದೆ, ಅವರೆಕಾಳು ಸಾರು, ಕಜ್ಜಾಯ, ಅವ್ವನಿಗೆ ಪ್ರಾಣವಾಗಿದ್ದ ಎಲೆ ಅಡಿಕೆ. ಕಾಗೆ ಮುಟ್ಟದೆ ಕೆಳಗೆ ಯಾರೂ ಉಣ್ಣುವಂತಿಲ್ಲ. ಕಾಗೆಗಳೇನೋ ತೆಂಗಿನ ಗರಿಯ ಮೇಲೆ ಕೂತಿದ್ದವು, ಇಳಿಯಲೊಲ್ಲವು. ಹೊತ್ತೇರಿತು. ನೆಂಟರು ಹೊಟ್ಟೆ ಹಿಡಿದುಕೊಂಡು ಮೇಲೆ ನೋಡುತ್ತಿದ್ದರು. ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ. ನನ್ನ ತಂಗಿ ಕೊಟ್ಟಿಗೆ ಕಡೆ ಕೈ ತೋರಿಸಿ "ನಿನ್ ಅಸ ಮಾರಕ್ಕಿಲ್ಲ ಕಣವ್ವ, ಮುಟ್ಟು" ಎಂದು ಬೇಡಿಕೊಂಡಳು. ಆಗಲಿಲ್ಲ.

ದೊಡ್ಡವ್ವ ನನ್ನ ರಟ್ಟೆ ಹಿಡಿದಳು. "ಬಾ ಅಂದೋನು ನೀನು. ಅತ್ಲಾಗೂ ಓಗ್ನಾರ್ದೆ, ಇತ್ಲಾಗೂ ಬರ್ನಾರ್ದೆ ನಡುಮಧ್ಯ ನಿಂತವ್ಳೆ ನನ್ ತಂಗಿ. ನಿನ್ ಬಾಯಿಂದ್ಲೇ ಓಗು ಅನ್ನು."

ಎಡೆಯ ಮುಂದೆ ನಿಂತೆ. ಅವ್ವನಿಗೆ ಹೋಗು ಅನ್ನುವುದೇ? ನನ್ನ ಹುಟ್ಟಿನಿಂದ ನಾನು ಹೋಗುವವನು, ಅವಳು ನಿಂತು ನೋಡುವವಳು. ಹಾಗಾದರೆ ಅವಳು ಕಾಯುತ್ತಿರುವುದು ಯಾವ ಮಾತಿಗೆ? ಇಷ್ಟು ದಿನ ನಾನು ಮನೆಯಲ್ಲೇ ಬಿದ್ದುಕೊಂಡಿದ್ದೆನಲ್ಲ, ಬೈಕು ಮುಟ್ಟದೆ.

"ಅವ್ವಾ" ಎಂದೆ, "ಇಸ್ಕೂಲ್ಗೆ ಓಗ್ಬರ್ತೀನಿ ಕಣವ್ವ. ಎಣ್ ಐಕ್ಲು ಕಾಯ್ತಾವೆ."

ಹೇಳಿ, ದಿನಾ ಕಾಯುತ್ತಿದ್ದಂತೆ ಕಾದೆ.

ಕಾಗೆಗೂ ಹಸಿವಾಗಿತ್ತು ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಗರಿಯಿಂದ ಒಂದೇ ಒಂದು ಕಾಗೆ ಇಳಿದು, ನನ್ನ ಕಾಲ ಬುಡದಲ್ಲೇ ಎಲೆಯೊಳಗೆ ಕೊಕ್ಕಿಟ್ಟಿತು. ಕೆಳಗಿದ್ದವರೆಲ್ಲ ಹೋ ಎಂದರು. ದೊಡ್ಡವ್ವ ಕೈ ಮುಗಿದಳು. ನಾನು ಮುಗಿಯಲಿಲ್ಲ. ಒಮ್ಮೆ ತಲೆಯಾಡಿಸಿ ಮೆಟ್ಟಿಲಿಳಿದೆ.