ಹಾಲಮ್ಮನವರ ಸಕ್ಕರೆ ಡಬ್ಬಿ

ಹಾಲಮ್ಮನವರ ಮನೆಯಲ್ಲಿ ಮನುಷ್ಯರಿಗೆ ಬೆಲ್ಲದ ಚಹಾ, ಸೂರಕ್ಕಿಗಳಿಗೆ ಸಕ್ಕರೆ ನೀರು. ಸಕ್ಕರೆಗಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ಜನ ಸಾಲು ನಿಲ್ಲುತ್ತಿದ್ದ ಎಪ್ಪತ್ತರ ದಶಕದಲ್ಲಿ ನ್ಯಾಮತಿಯ ನಮ್ಮ ಓಣಿಗೆಲ್ಲ ಗೊತ್ತಿದ್ದ ಅನ್ಯಾಯ ಇದು. ಸಾಲಿನಲ್ಲಿ ನಿಂತು ಸಕ್ಕರೆ ತರುತ್ತಿದ್ದವರು ಅವರ ಯಜಮಾನರು ರುದ್ರಣ್ಣ. ಬೆಲ್ಲಕ್ಕೆ ಹಾಲೊಡೆದ ಚಹಾ ಕುಡಿಯುತ್ತಿದ್ದವರೂ ಅವರೇ. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ನಾನು. ಆ ಚಹಾದಲ್ಲಿ ನನಗೂ ಪಾಲಿತ್ತು.

ಅಂಗಳದ ದಾಸವಾಳಕ್ಕೆ ಬರುವ, ಹೆಬ್ಬೆಟ್ಟಿನಷ್ಟೇ ಇದ್ದ ಆ ಬಾಗುಕೊಕ್ಕಿನ ಹಕ್ಕಿಗಳನ್ನು ಹಾಲಮ್ಮನವರು ನೆಂಟರೆಂದೇ ತಿಳಿದಿದ್ದರು. ನೆಂಟರಿಗೆ ಮೊದಲು ಬೆಲ್ಲ-ನೀರು ಕೊಡುವುದು ಪದ್ಧತಿ. ಹಾಗಾಗಿ ಪುಟ್ಟ ಸೀಸೆಯೊಂದಕ್ಕೆ ಬೆಲ್ಲದ ನೀರು ತುಂಬಿ, ಮಗಳ ಜಡೆಯ ಕೆಂಪು ಟೇಪಿನಿಂದ ಕೊಂಬೆಗೆ ಕಟ್ಟಿದರು. ಬಿಸಿಲಿಗೆ ಅದು ನೊರೆಯೆದ್ದು ಹುಳಿ ನಾತ ಹೊಡೆಯಿತು. ಹಕ್ಕಿಗಳು ಬರುವುದನ್ನೇ ಬಿಟ್ಟವು. ಗಿಡದ ಹತ್ತಿರ ಜೋರಾಗಿ ಕೆಮ್ಮಿದ್ದಕ್ಕೇ ಅವು ಮುನಿಸಿಕೊಂಡವೆಂದು ರುದ್ರಣ್ಣನವರಿಗೆ ಬೈಗುಳವಾಯಿತು.

ಬೆಲ್ಲ ಬೇಗ ಕೆಡುತ್ತದೆ, ಸಕ್ಕರೆ ಒಂದು ಪಾಲು, ನೀರು ನಾಲ್ಕು ಪಾಲು ಹಾಕಿ ಕುದಿಸಿ ಆರಿಸಿ, ದಿನಾ ಹೊಸದು ತುಂಬಿ ಎಂದು ಎಲ್ಲೋ ಓದಿದ್ದನ್ನು ಬಾಯಿ ತಪ್ಪಿ ಹೇಳಿದವನು ನಾನೇ. ಅಂದಿನಿಂದ ಅದು ಅವರಿಗೆ ವ್ರತವಾಯಿತು. ಬೆಳಗಾದರೆ ಸೀಸೆಗೆ ಬಿಸಿನೀರಿನ ಸ್ನಾನ. ಕಡ್ಡಿಗೆ ಬಟ್ಟೆ ಸುತ್ತಿ ಮಗಳು ಒಳಗೆಲ್ಲ ಉಜ್ಜಬೇಕು, ಸೋಪು ಸೋಕಿಸುವಂತಿಲ್ಲ. ನೀರಿಗೆ ಒಂದಿಷ್ಟು ಕೆಂಪು ಬಣ್ಣ ಹಾಕಿದರೆ ಚೆಂದ ಎಂದ ಪಕ್ಕದ ಮನೆಯಾಕೆಗೆ, "ಅವುಕ್ಕೇನು ಓಕುಳಿ ಆಡ್ಸಾಕೆ ಕರ್ದೀನೇನು? ನೀರು ನೀರಿನಂಗೇ ಇರ್ಲಿ" ಎಂದು ಬಾಯಿ ಮುಚ್ಚಿಸಿದರು.

ಅವರ ಮಗಳು ಗಿರಿಜಳಿಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯದು ಬಿಳಿಚೋಡಿನದು. ಇದಾದರೂ ಕೂಡಿ ಬರಲೆಂದು ಹಾಲಮ್ಮನವರು ಹರಕೆ ಹೊತ್ತಿದ್ದರು, ಆದರೆ ಗಂಡಿನವರು ಹೆಣ್ಣು ನೋಡಲು ಬಂದ ದಿನವೂ ಚಹಾಕ್ಕೆ ಸಕ್ಕರೆ ಮಾತ್ರ ಹಾಕಲಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದು ಹಕ್ಕಿಗಳಿಗೇ ಸಾಲದಷ್ಟು. ಹುಡುಗನ ತಾಯಿ ಲೋಟದಲ್ಲಿ ಒಡೆದ ಹಾಲನ್ನೂ ಗೋಡೆಯ ಗೂಡಿನಲ್ಲಿದ್ದ ಸಕ್ಕರೆ ಡಬ್ಬಿಯನ್ನೂ ನೋಡಿದರು.

"ಸಕ್ರೆ ಐತಲ್ರೀ, ಯಾರಿಗೆ ಎತ್ತಿಟ್ಟೀರಿ?"

ರುದ್ರಣ್ಣನವರು ಕಣ್ಣು ಮುಚ್ಚಿಕೊಂಡರು. ಸುಳ್ಳು ಹೇಳಲು ಬಾರದ ಹಾಲಮ್ಮನವರು, "ಹಕ್ಕಿಗ್ರೀ" ಅಂದರು.

ಕತೆ ಮುಗಿಯಿತು ಎಂದುಕೊಂಡೆ. ಹುಡುಗನ ತಾಯಿ ಎದ್ದು ಅಂಗಳಕ್ಕೆ ನಡೆದರು, ಸೀಸೆ ಬಿಚ್ಚಿಕೊಂಡು ಮೂಸಿದರು, ಬೆಳಕಿಗೆ ಹಿಡಿದು ತಿರುಗಿಸಿದರು. ದಿನಾ ತೊಳೆಯುವವರು ಯಾರೆಂದು ಕೇಳಿದಾಗ ಗಿರಿಜ ತಲೆ ತಗ್ಗಿಸಿ ತಾನೇ ಎಂದಳು.

"ಹಕ್ಕಿ ಸೀಸೆನೇ ಹಿಂಗೆ ತೊಳೆಯೋಳು ನಮ್ಮನಿ ಪಾತ್ರೆ ಬಿಟ್ಟಾಳಾ? ಹೆಣ್ಣು ಒಪ್ಪಿಗಿ ಐತಿ," ಅಂದರು ಆ ತಾಯಿ. "ಮದ್ವಿ ದಿನ ಮಾತ್ರ ಚಹಾಕ್ಕೆ ಸಕ್ರೆ ಹಾಕ್ಸಿರಿ."

ಆಮೇಲೆ ನನಗೆ ಹೊನ್ನಾಳಿಗೆ ವರ್ಗವಾಯಿತು. ವರ್ಷಗಳು ಕಳೆದು, ಹಾಲಮ್ಮನವರು ತೀರಿಕೊಂಡ ಸುದ್ದಿ ತಿಳಿದು ಹೋದೆ. ಅಷ್ಟು ಹೊತ್ತಿಗೆ ಸಕ್ಕರೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿತ್ತು. ಗೂಡಿನಲ್ಲಿ ಡಬ್ಬಿ ತುಂಬಿತ್ತು. ರುದ್ರಣ್ಣನವರು ಚಹಾ ತಂದರು, ಹಾಲು ಒಡೆದಿತ್ತು. ಈಗಲಾದರೂ ಸಕ್ಕರೆ ಹಾಕಿಕೊಳ್ಳಬಹುದಲ್ಲ ಎಂದೆ.

"ಅದು ಹಕ್ಕೀದು ಮೇಷ್ಟ್ರೇ. ನಾನು ಮುಟ್ಟಿದ್ರೆ ಅವಳಿಗೆ ಹೆಂಗೋ ಗೊತ್ತಾಗ್ತೈತೆ," ಎಂದು ಅವರು ಸೀಸೆ ತೊಳೆಯುವ ಬಿಸಿನೀರು ತರಲು ಒಳಗೆ ಹೋದರು.

ನಾನು ಲೋಟದಲ್ಲಿದ್ದ ಚಹಾವನ್ನು ತಳದ ಗಷ್ಟಿನ ಸಮೇತ ಕುಡಿದು ಮುಗಿಸಿದೆ.