ಲಾಂಡ್ರಿಗೆ ಹೋದ ಕರಡಿ

ಮೊನ್ನೆ ನನ್ನ ಸ್ವೆಟರಿನ ಜಿಪ್ಪು ಅರ್ಧದಲ್ಲೇ ಹಠ ಹಿಡಿದು ನಿಂತಿತು. ಅಡುಗೆಮನೆಯಿಂದ ಮೇಣದಬತ್ತಿಯ ತುಂಡೊಂದನ್ನು ತಂದು ಅದರ ಹಲ್ಲುಗಳಿಗೆ ಉಜ್ಜಿದೆ. ಮೇಣದ ವಾಸನೆ ಮೂಗಿಗೆ ಹತ್ತಿದ್ದೇ ತಡ, ಕಿವಿ ಬಿಸಿಯಾಯಿತು. ನನಗೆ ನಾಚಿಕೆ ಮೊದಲು ಹತ್ತುವುದು ಕಿವಿಗೇ. ಈ ವಯಸ್ಸಿನಲ್ಲೂ ಅದೊಂದು ಅಂಗ ಸರಿಯಾಗಿ ಕೆಲಸ ಮಾಡುತ್ತಿದೆ.

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಡೈವಿಂಗ್ ಕಂಪನಿಯ ಸ್ಟೋರ್‌ಕೀಪರ್. ಬಾಗಲಕೋಟೆ ಕಡೆಯವನು, ಈಜು ಬಾರದು. ಬಂದರಿನ ಪಕ್ಕ ತಗಡಿನ ಕಂಟೇನರಿನಲ್ಲಿ ಕುಳಿತು, ಮುಳುಗುವವರ ಬಟ್ಟೆ ಕಾಯುವುದು ನನ್ನ ಉದ್ಯೋಗ. ಕತಾರಿನ ಸಮುದ್ರವೆಂದರೆ ಬಿಸಿನೀರು ಎಂದು ನೀವು ನಂಬಿದ್ದರೆ ತಪ್ಪೇನಿಲ್ಲ. ಅದರಲ್ಲಿ ಮೊಟ್ಟೆ ಬೇಯಿಸಬಹುದೆಂದು ನಾನೂ ಊರಿಗೆ ಪತ್ರ ಬರೆದಿದ್ದೆ. ಆದರೆ ಜನವರಿಯ ಗಾಳಿಗೆ ನೀರೂ ತಣ್ಣಗಾಗಿ, ಜೆಟ್ಟಿಯ ಕಂಬ ಪರೀಕ್ಷಿಸುತ್ತ ಒಂದು ಗಂಟೆ ನೀರಿನಡಿ ನಿಂತವನ ಹಲ್ಲು ತಾಳ ಹಾಕುತ್ತದೆ. ಅದಕ್ಕೇ ಮೈಗೆ ನೀರು ತಾಗಿಸದ ಡ್ರೈಸೂಟ್.

ಆ ಸೂಟುಗಳನ್ನು ನಾನು ಮಡಿಯಿಂದ ನೋಡಿಕೊಂಡೆ. ಸಿಹಿನೀರಿನ ಅಭಿಷೇಕ, ಜಿಪ್ಪಿಗೆ ಮೇಣ, ಕುತ್ತಿಗೆ ಮತ್ತು ಮಣಿಕಟ್ಟಿನ ತೆಳು ರಬ್ಬರಿಗೆ ಪರಿಮಳವಿಲ್ಲದ ಪೌಡರ್. ಬಿಸಿಲಿಗೆ ರಬ್ಬರು ಬಿರಿಯುತ್ತದೆ. ಯಾರಾದರೂ ಸೂಟನ್ನು ಬಿಸಿಲಲ್ಲಿ ಹರವಿದರೆ, ದೇವರ ಕೋಣೆಗೆ ಚಪ್ಪಲಿ ಮೆಟ್ಟಿ ಬಂದವನಂತೆ ನನ್ನಿಂದ ಬೈಸಿಕೊಳ್ಳುತ್ತಿದ್ದರು.

ಆದರೆ ಡ್ರೈಸೂಟ್ ತಡೆಯುವುದು ನೀರನ್ನಷ್ಟೇ. ಚಳಿ ತಡೆಯುವುದು ಅದರೊಳಗೆ ತೊಡುವ, ಉಣ್ಣೆಯಂತೆ ದಪ್ಪನೆಯ, ಇಡೀ ಮೈ ಮುಚ್ಚುವ ಕಂದು ಉಡುಪು. ಎಲ್ಲರೂ ಅದನ್ನು ಕರಡಿ ಎನ್ನುತ್ತಿದ್ದರು. ಇಬ್ಬರು ಡೈವರುಗಳಿಗೆ ಎರಡು ಕರಡಿ. ಒಂದು ಹಮೀದನ ಅಳತೆಯದು. ದುರ್ದೈವದಿಂದ ಅದು ನನ್ನ ಅಳತೆಯೂ ಹೌದು.

ಹಮೀದ ಉಳ್ಳಾಲದವನು. ಇನ್ನೂ ಪ್ರೊಬೇಷನ್‌ನಲ್ಲಿದ್ದ. ಖಾಯಂ ಆದರೆ ಹೆಂಡತಿಯನ್ನು ಕರೆಸಿಕೊಳ್ಳುವ ಆಸೆ. ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ಒಂದು ಕೋಣೆಯನ್ನೂ ನೋಡಿಟ್ಟಿದ್ದ.

ಚಳಿಗಾಲದ ಬೆಳಗ್ಗೆ ತಗಡಿನ ಕಂಟೇನರು ಐಸ್ ಪೆಟ್ಟಿಗೆ. ಒಂದು ದಿನ ನಾನು ಹೊಲಿಗೆ ಪರೀಕ್ಷಿಸುವ ಸಲುವಾಗಿ ಹಮೀದನ ಕರಡಿಯನ್ನು ತೊಟ್ಟೆ. ಅವನಿಗೆ ಡೈವ್ ಇಲ್ಲದ ದಿನಗಳಲ್ಲಿ ಈ ಪರೀಕ್ಷೆ ಎರಡು ವಾರ ಮುಂದುವರಿಯಿತು. ಮೇಲೆ ಅಂಗಿ, ಪ್ಯಾಂಟು. ಉಬ್ಬಿದ ಮೈ ನೋಡಿ, ಬಿರಿಯಾನಿ ನನಗೆ ಒಗ್ಗಿದೆ ಎಂದು ಜನ ತಿಳಿದರು.

ಆಮೇಲೊಂದು ಬೆಳಗ್ಗೆ ಹೇಳದೆ ಕೇಳದೆ ಕೆಲಸ ಬಂತು. ಹಮೀದ ಓಡಿ ಬಂದ.

"ಅಣ್ಣ, ಕರಡಿ ಕೊಡಿ, ಬೇಗ."

"ಲಾಂಡ್ರಿಗೆ ಹೋಗೇತಲ್ಲಪಾ."

"ಇವತ್ತೇ ಆಗ್ಬೇಕಿತ್ತಾ ಮಾರಾಯ್ರೆ ಅದಕ್ಕೆ ಸ್ನಾನ!"

ಹೊರಗೆ ಸೂಪರ್‌ವೈಸರ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಿದ್ದ. ಹಮೀದ ಎರಡು ಬನಿಯನ್ನಿನ ಮೇಲೆ ಸೂಟೇರಿಸಿದ. ಬೆನ್ನಿನ ಜಿಪ್ಪು ಎಳೆದವನು ನಾನೇ, ಬೆಣ್ಣೆಯಂತೆ ಸರಿಯಿತು. ಆಗಲಾದರೂ ಮೈಮೇಲಿದ್ದ ಕರಡಿಯನ್ನು ಬಿಚ್ಚಿ ಕೊಡಬಹುದಿತ್ತು. ಅಂಗಿ ಕಳಚಬೇಕಿತ್ತು, ಅಷ್ಟೇ. ನನ್ನ ಮರ್ಯಾದೆ ಆ ಅಂಗಿಯ ಕೆಳಗೆ ಬೆಚ್ಚಗೆ ಬೆವರುತ್ತಿತ್ತು.

ಇಪ್ಪತ್ತು ನಿಮಿಷಕ್ಕೇ ಹಮೀದ ಮೇಲೆ ಬಂದ. ತುಟಿ ನೀಲಿ. ಕಂಡದ್ದನ್ನು ಬರೆದುಕೊಡಲು ಪೆನ್ಸಿಲ್ ಕೊಟ್ಟರೆ ಬೆರಳು ಹಿಡಿಯಲಿಲ್ಲ. "ಖಲಾಸ್. ಚಳಿಗೆ ಹೆದರುವವನು ಡೈವರ್ ಅಲ್ಲ," ಎಂದು ಸೂಪರ್‌ವೈಸರ್ ಹಿಂದಿಯಲ್ಲಿ ತೀರ್ಪು ಕೊಟ್ಟ.

ನಾನು ಹಮೀದನ ಕೈಗಳನ್ನು ನನ್ನ ಕೈಯಲ್ಲಿ ಹಿಡಿದು ಉಜ್ಜಿದೆ.

"ನಿಮ್ಮ ಕೈ ಎಂತ ಬಿಸಿ ಉಂಟು ಅಣ್ಣ..." ಎಂದವನು ನನ್ನ ಕೈ ನೋಡಿದ. ನನ್ನ ಅಂಗಿಯ ತೋಳು ಮೇಲೆ ಸರಿದು, ಮಣಿಕಟ್ಟಿನಲ್ಲಿ ಕಂದು ಕರಡಿ ಇಣುಕುತ್ತಿತ್ತು.

ಸೂಪರ್‌ವೈಸರ್ ನಮ್ಮ ಕಡೆ ತಿರುಗಿದ. ಹಮೀದ ಮಡಚಲಾಗದ ಆ ಬೆರಳುಗಳಿಂದ, ಒಮ್ಮೆ ಜಾರಿ, ಮತ್ತೊಮ್ಮೆ ಜಾರಿ, ನನ್ನ ತೋಳನ್ನು ಕೆಳಕ್ಕೆ ಎಳೆದು ಮುಚ್ಚಿದ.

"ಲಾಂಡ್ರಿಯಿಂದ ಬಂದ ಮೇಲೆ ಚೆಂದ ಮಾಡಿ ಮಡಚಿಡಿ," ಎಂದ. ಅಷ್ಟೇ.

ನಾನು ಬಾಯಿ ಬಿಡಲಿಲ್ಲ. ಅವನು ಖಾಯಂ ಆಗಲಿಲ್ಲ. ಕೆಲವು ತಿಂಗಳು ದೋಣಿಯ ಮೇಲೆ, ಮುಳುಗುವ ಬೇರೆಯವರ ಹಗ್ಗ ಹಿಡಿದು, ಊರಿಗೆ ಹೋದ. ಮದೀನತ್ ಖಲೀಫಾದ ಆ ಕೋಣೆಗೆ ಇನ್ಯಾರೋ ಬಂದರು. ಸೂಟುಗಳು ಮಾತ್ರ ನನ್ನ ಆರೈಕೆಯಲ್ಲಿ ಬಹಳ ಕಾಲ ಬಾಳಿದವು. ಅದಕ್ಕಾಗಿ ನನ್ನನ್ನು ಹೊಗಳಿದವರೂ ಉಂಟು.

ಮೊನ್ನೆ ಜಿಪ್ಪು ಸರಿಹೋಯಿತು. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಸ್ವೆಟರ್ ತೊಟ್ಟು, ತೋಳನ್ನು ಎರಡು ಮಡಿಕೆ ಮೇಲಕ್ಕೆ ಮಡಚಿದೆ.

"ಥಂಡಿಯೊಳಗ ತೋಳ್ಯಾಕ ಮಡಚ್ತೀರಿ?" ಎಂದಳು ಹೆಂಡತಿ.

"ಹಮೀದ ಅಂತ ಒಬ್ಬಾಂವ ಇದ್ದ. ಅವನ ಕರಡಿ ನಾ ಹಾಕ್ಕೊಂಡಿದ್ದೆ," ಎಂದೆ.

ಕರಡಿ ಎಂದದ್ದಕ್ಕೆ ಅವಳು ನಕ್ಕಳು. ಪೂರ್ತಿ ಹೇಳುವ ಹೊತ್ತಿಗೆ ನಗು ನಿಂತಿತ್ತು.