ಮಾವನ ಮುಖಕ್ಕೆ ಎದುರಾದ ಅಂಗಾಲು

ಟೈಫಾಯಿಡ್ ಬಂದು ಮಲಗಿದ್ದಾಗ ನನ್ನ ಎಡಗಾಲು ಊದಿತು. ಮದ್ದೂರಿನ ನಮ್ಮ ಮನೆಯ ಯಜಮಾನರಾದ ಸೋದರಮಾವ, "ಸೋಂಬೇರಿ ಕಾಲು ಕಣ್ಲಾ, ಉಜ್ಜುದ್ರೆ ಸರೋಯ್ತದೆ" ಎಂದು, ನಾನು ಅರಚಿದಷ್ಟೂ ಬಲವಾಗಿ ಹರಳೆಣ್ಣೆ ತಿಕ್ಕಿದರು. ಅಮ್ಮ ಮಂಡ್ಯದಿಂದ ಕರೆಸಿದ ಡಾಕ್ಟರು ಹೌಹಾರಿದರು.

"ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಉಜ್ಜಿದರೆ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯುತ್ತೆ. ಕಾಲನ್ನು ದಿಂಬಿನ ಮೇಲೆ ಎತ್ತಿಡಿ."

ಪ್ರಾಣ ಉಳಿಯಿತು, ಸೇಡು ಬಾಕಿಯಿತ್ತು. ಗಾಳಿಯ ನೆಪ ಹೇಳಿ ಅಮ್ಮನಿಂದ ಮಂಚವನ್ನು ಮಾವನ ಕುರ್ಚಿಯ ಕಡೆ ತಿರುಗಿಸಿ ಹಾಕಿಸಿದೆ. ಹಿರಿಯರತ್ತ ಕಾಲು ಚಾಚುವುದು ಮಹಾಪರಾಧವಾಗಿದ್ದ ಆ ಮನೆಯಲ್ಲಿ ನನ್ನ ಅಂಗಾಲು ದಿನವಿಡೀ ಅವರಿಗೆ ದರ್ಶನವಿತ್ತಿತು. ಕುರ್ಚಿ ಬಿಟ್ಟೇಳುವುದು ಯಜಮಾನಿಕೆಗೆ ಕುಂದು.

"ಕಾಲು ಇಳಿಸ್ಲಾ, ಮಾನಗೆಟ್ಟೋನೆ!"

"ಡಾಕ್ಟ್ರು ಬ್ಯಾಡ ಅಂದವ್ರೆ, ಮಾವ" ಎಂದು ಭಕ್ತಿಯಿಂದ ಕೈಮುಗಿದೆ.

ಊತ ಇಳಿದ ಮೇಲೂ ಕಾಲನ್ನು ದಿಂಬಿನಿಂದ ಇಳಿಸದೆ ಒಂದು ವಾರ ನರಳಿದೆ.